ಎತ್ತೋದು ಬೇರೆ, ಹಿಡಿಯೋದು ಬೇರೆ: ದೊಡ್ಡ ಹದ್ದುಗಳ ಬಗ್ಗೆ ಆಡಿದ ಮಾತು

(ಮೊನ್ನೆ ಮಾತಾಡಿದ್ದರ ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದ್ದು ಇದು. ಸ್ಲೈಡುಗಳನ್ನ ಇಲ್ಲಿ ಹಾಕೋಕಾಗಲ್ಲ, ಅದಕ್ಕೆ ಕೆಲವು ಕಡೆ ಮಾತು ಸ್ವಲ್ಪ ಉದ್ದ ಆಗಿದೆ. ಮಧ್ಯೆ ಕೇಳಿದ ಪ್ರಶ್ನೆಗಳನ್ನೂ ಹಾಗೇ ಬಿಟ್ಟಿದೀನಿ.)

ಎಲ್ರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ಪಾರ್ಕಲ್ಲಿ ಕೂತಿರೋ ಪುಟ್ಟ ಮಗುವನ್ನ ಹದ್ದೊಂದು ಹಾರಿ ಬಂದು ಎತ್ಕೊಂಡು ಒಂದಷ್ಟು ದೂರ ಹೋಗಿ ಕೈಬಿಡೋ ವಿಡಿಯೋ ಯಾರ್ಯಾರು ನೋಡಿದೀರ? ಕೈ ಎತ್ತಿ. ಹ್ಞಾ, ಮುಕ್ಕಾಲು ಜನ. ನನಗೂ ಕಮ್ಮಿ ಅಂದ್ರೂ ಹತ್ತು ಸಲ ಫಾರ್ವರ್ಡ್ ಬಂದಿದೆ. ಅದು 2012ರ ಡಿಸೆಂಬರ್‌ದು, ಕೆನಡಾದ ಮಾಂಟ್ರಿಯಲ್ಲಲ್ಲಿ ಆನಿಮೇಷನ್ ಕಲೀತಿದ್ದ ಸ್ಟೂಡೆಂಟ್ಸು ಕ್ಲಾಸ್ ಪ್ರಾಜೆಕ್ಟಿಗೆ ಅಂತ ಮಾಡಿದ್ದು. ಅದ್ರಲ್ಲಿರೋ ಹದ್ದೂ ಕಂಪ್ಯೂಟರ್‌ದೇ, ಮೇಲಕ್ಕೆ ಹೋಗೋ ಮಗುನೂ ಕಂಪ್ಯೂಟರ್‌ದೇ. ಅವರೇ ಎರಡೇ ದಿನದಲ್ಲಿ ಒಪ್ಕೊಂಡ್ರು, ಆದ್ರೂ ವಿಡಿಯೋ ಮಾತ್ರ ಇನ್ನೂ ಓಡಾಡ್ತಾನೇ ಇದೆ.

ಈ ವಿಡಿಯೋ ಇಂದ ಯಾಕೆ ಶುರು ಮಾಡಿದೆ ಅಂದ್ರೆ, ಹದ್ದು ಅಂದ ತಕ್ಷಣ ನಮ್ಮ ತಲೇಲಿ ಬರೋದು ಒಂದೇ ಪ್ರಶ್ನೆ, ಅದು ಎಷ್ಟು ಭಾರ ಎತ್ತತ್ತೆ ಅಂತ. ನನ್ನ ಪ್ರಕಾರ ಅದು ತಪ್ಪು ಪ್ರಶ್ನೆ. ಹದ್ದು ಎಷ್ಟು ಎತ್ತತ್ತೆ ಅನ್ನೋದಕ್ಕೂ ಎಷ್ಟು ದೊಡ್ಡದನ್ನ ಕೊಲ್ಲತ್ತೆ ಅನ್ನೋದಕ್ಕೂ ಸಂಬಂಧ ಬಹಳ ಕಮ್ಮಿ. ಇವತ್ತು ನಾನು ಹೇಳೋದೆಲ್ಲಾ ಹೆಚ್ಚುಕಮ್ಮಿ ಈ ಒಂದು ಮಾತಿನ ಸುತ್ತಾನೇ.

ಅದಕ್ಕೂ ಮುಂಚೆ ಹೆಸರಿನ ಗಲಾಟೆ ಒಂದಿದೆ. ಕನ್ನಡದಲ್ಲಿ ನಾವು ಮೇಲೆ ಸುತ್ತು ಹೊಡೀತಿರೋ ಎಲ್ಲಾದಕ್ಕೂ ಹದ್ದು ಅಂತೀವಿ, ಕಸದ ಮೇಲೆ ಸುತ್ತೋ ಕಂದು ಬಣ್ಣದ ಕೈಟ್ ಹಕ್ಕೀನೂ ಹದ್ದೇ, ಹೆಣ ತಿನ್ನೋದು ರಣಹದ್ದು, ಬಿಳಿ ಎದೆಯ ಕೆಂಚು ಹಕ್ಕಿ ಗರುಡ. ಇವತ್ತು ಹದ್ದು ಅಂದಾಗಲೆಲ್ಲಾ ಇಂಗ್ಲಿಷಲ್ಲಿ ಈಗಲ್ ಅಂತಾರಲ್ಲ, ಅದು ಅಂತ ಇಟ್ಕೊಳ್ಳಿ. ರಣಹದ್ದು ಈ ಲೆಕ್ಕಕ್ಕೆ ಬರಲ್ಲ. ಅದನ್ನ ಸೇರಿಸಿದ್ರೆ ಆಂಡೀಸ್ ಬೆಟ್ಟಗಳ ಕಾಂಡೋರ್ 15 ಕೆಜಿ ತೂಗ್ಕೊಂಡು ಬಂದು ಎಲ್ಲಾರನ್ನೂ ಸೋಲಿಸಿಬಿಡತ್ತೆ, ಆದ್ರೆ ಅದು ಸತ್ತಿದ್ದನ್ನ ತಿನ್ನೋ ಹಕ್ಕಿ, ಅದರ ಕಾಲಲ್ಲಿ ಹಿಡಿತ ಅನ್ನೋದೇ ಇಲ್ಲ.

ಸರಿ, ಯಾವುದು ದೊಡ್ಡದು? ಇದಕ್ಕೆ ಒಂದೇ ಉತ್ತರ ಇಲ್ಲ, ಯಾಕಂದ್ರೆ ಯಾವುದನ್ನ ಅಳೀತೀರ ಅನ್ನೋದರ ಮೇಲೆ ಗೆಲ್ಲೋರು ಬದಲಾಗ್ತಾರೆ. ತೂಕದಲ್ಲಿ ಸ್ಟೆಲ್ಲರ್ಸ್ ಸೀ ಈಗಲ್, ರಷ್ಯಾದ ಕಮ್‌ಚಾಟ್ಕಾ ಕಡೆ ಇರೋದು, ಚಳಿಗಾಲದಲ್ಲಿ ಜಪಾನಿನ ಹೊಕ್ಕೈಡೋಗೆ ಬರೋದು, ಹೆಣ್ಣು ಹಕ್ಕಿ 9 ಕೆಜಿ ತನಕ ತೂಗತ್ತೆ. ಹಾರ್ಪಿ ಈಗಲ್, ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡಿನದು, ಅದರ ಹೆಣ್ಣೂ 6ರಿಂದ 9 ಕೆಜಿ. ಉದ್ದ ಅಳೆದ್ರೆ ಫಿಲಿಪ್ಪೀನ್ ಈಗಲ್, ಕೊಕ್ಕಿನ ತುದಿಯಿಂದ ಬಾಲದ ತುದಿ ತನಕ ಹೆಚ್ಚುಕಮ್ಮಿ 1 ಮೀಟರ್. ರೆಕ್ಕೆ ಬಿಚ್ಚಿದಾಗಿನ ಅಗಲ ನೋಡೋಕೆ ಹೋದ್ರೆ ಸಮುದ್ರದ ಹದ್ದುಗಳು ಮತ್ತೆ ಮುಂದೆ ಬರ್ತವೆ, ಯುರೋಪಿನ ವೈಟ್-ಟೇಲ್ಡ್ ಈಗಲ್‌ಗೆ ಸುಮಾರು ಎರಡೂವರೆ ಮೀಟರ್ ತನಕ ಇರತ್ತೆ, ಅಂದ್ರೆ ಆರಡಿ ಆಳು ಎರಡೂ ಕೈ ಚಾಚಿ ನಿಂತ್ರೂ ರೆಕ್ಕೆ ಆಚೆ ಈಚೆ ಮಿಕ್ಕತ್ತೆ.

ಈಗ ಈ ಎರಡು ಹಕ್ಕಿನ ಪಕ್ಕ ಪಕ್ಕ ನೋಡಿ (ಇಲ್ಲಿ ಸ್ಲೈಡ್ ಇತ್ತು). ಎಡಗಡೆ ಆಸ್ಟ್ರೇಲಿಯಾದ ವೆಡ್ಜ್-ಟೇಲ್ಡ್ ಈಗಲ್, ತೂಕ 5 ಕೆಜಿ ಆಸುಪಾಸು, ಆದ್ರೆ ರೆಕ್ಕೆ 2 ಮೀಟರ್‌ಗಿಂತ ಜಾಸ್ತಿ. ಬಲಗಡೆ ಹಾರ್ಪಿ, ತೂಕ ಅದಕ್ಕಿಂತ ಎಷ್ಟೋ ಜಾಸ್ತಿ, ಆದ್ರೂ ರೆಕ್ಕೆ 2 ಮೀಟರ್ ಚಿಲ್ಲರೆ ಅಷ್ಟೇ. ತೂಕ ಜಾಸ್ತಿ ಇದ್ದು ರೆಕ್ಕೆ ಯಾಕೆ ಉದ್ದ ಇಲ್ಲ? ಕಾಡಿನ ಒಳಗೆ ಹಾರೋನಿಗೆ ಉದ್ದ ರೆಕ್ಕೆ ಇದ್ರೆ ಕೊಂಬೆ ಕೊಂಬೆಗೂ ತಗಲಾಕೊಳತ್ತೆ. ಹಾರ್ಪಿಗೆ ಅಗಲವಾದ ಗಿಡ್ಡ ರೆಕ್ಕೆ, ಉದ್ದ ಬಾಲ, ಬಾಲ ಚುಕ್ಕಾಣಿ ತರ ಕೆಲಸ ಮಾಡತ್ತೆ, ಮರಗಳ ಸಂದಿಲಿ ಒಂದೇ ಏಟಿಗೆ ತಿರುಗಬಹುದು. ವೆಡ್ಜ್-ಟೇಲ್ಡ್‌ಗೆ ಬಯಲು, ಬಿಸಿ ಗಾಳಿ ಮೇಲೇಳತ್ತಲ್ಲ, ಅದರ ಮೇಲೆ ರೆಕ್ಕೆ ಬಿಚ್ಕೊಂಡು ಒಂದು ಸಲಾನೂ ಬಡೀದೆ ಗಂಟೆಗಟ್ಲೆ ತೇಲಬೇಕು. ಹಾಗಾಗಿ ಹದ್ದಿನ ಸೈಜ್ ಅಂದ್ರೆ ಅದು ಎಲ್ಲಿ ಊಟ ಮಾಡತ್ತೆ ಅನ್ನೋದರ ಅಳತೆ ಅಂತಾನೇ ಇಟ್ಕೊಳ್ಳಿ.

ಒಬ್ರು ಇಲ್ಲಿ ಕೇಳಿದ್ರು, ಬರೀ 9 ಕೆಜಿನಾ, ಫೋಟೋದಲ್ಲಿ ನೋಡಿದ್ರೆ ಮನುಷ್ಯನಷ್ಟು ಕಾಣತ್ತಲ್ಲ ಅಂತ. ಒಳ್ಳೇ ಪ್ರಶ್ನೆ. ನೀವು ನೋಡ್ತಿರೋದ್ರಲ್ಲಿ ಬಹುಪಾಲು ಗರಿ. 1955ರಲ್ಲಿ ಒಂದು ಬಾಲ್ಡ್ ಈಗಲ್‌ನ ತೂಕ ಹಾಕಿ ಲೆಕ್ಕ ಬರ್ದಿದಾರೆ, ಇಡೀ ಹಕ್ಕಿ ನಾಲ್ಕು ಕೆಜಿ ಚಿಲ್ಲರೆ, ಅದರಲ್ಲಿ ಗರಿಗಳ ತೂಕ 677 ಗ್ರಾಂ, ಪೂರ್ತಿ ಎಲುಬಿನ ಗೂಡು ಸೇರಿ 272 ಗ್ರಾಂ. ಅಂದ್ರೆ ಎಲುಬಿನ ಎರಡರಷ್ಟಕ್ಕಿಂತ ಜಾಸ್ತಿ ಗರಿ! ನಾನು ಮೊದಲ ಸಲ ಓದಿದಾಗ ಪ್ರಿಂಟಿಂಗ್ ಮಿಸ್ಟೇಕ್ ಅನ್ಕೊಂಡಿದ್ದೆ.

ಇದರ ಹಿಂದೆ ಒಂದು ಲೆಕ್ಕ ಇದೆ. ಹಕ್ಕಿ ಎಲ್ಲಾ ಕಡೆಯಿಂದ ಎರಡು ಪಟ್ಟು ದೊಡ್ಡದಾದ್ರೆ ರೆಕ್ಕೆಯ ವಿಸ್ತಾರ ನಾಲ್ಕು ಪಟ್ಟು ಆಗತ್ತೆ, ಆದ್ರೆ ತೂಕ ಎಂಟು ಪಟ್ಟು ಆಗತ್ತೆ. ದೊಡ್ಡದಾಗ್ತಾ ಹೋದ ಹಾಗೆ ತನ್ನ ಮೈಯನ್ನೇ ಎತ್ತೋದು ಕಷ್ಟ ಆಗ್ತಾ ಹೋಗತ್ತೆ, ಇನ್ನು ಬೇರೆಯವರ ಭಾರ ಎಲ್ಲಿಂದ ಎತ್ತತ್ತೆ? ಬಾಲ್ಡ್ ಈಗಲ್ ಸುಮಾರು 2 ಕೆಜಿ ಹೊತ್ಕೊಂಡು ಹಾರಿದ್ರೆ ದೊಡ್ಡದು. ವೇಗವಾಗಿ ಬರ್ತಾ ಬರ್ತಾ ಕಾಲಲ್ಲಿ ಎಗರಿಸ್ಕೊಂಡು ಹೋದ್ರೆ ಸ್ವಲ್ಪ ಜಾಸ್ತಿ ಆಗತ್ತೆ, ನೆಲದ ಮೇಲೆ ನಿಂತಿರೋ ಹಕ್ಕಿ ಭಾರ ಹಿಡ್ಕೊಂಡು ಮೇಲೇಳೋದು ಅಂದ್ರೆ ಅದು ಬೇರೇನೇ ಕಥೆ, ತನ್ನ ತೂಕದ ಅರ್ಧದ ಮೇಲೆ ಬಹಳ ಕಷ್ಟ. ಹತ್ತು ಹನ್ನೆರಡು ಕೆಜಿ ಮಗು? ಸಾಧ್ಯಾನೇ ಇಲ್ಲ.

ಆದ್ರೆ ಕೊಲ್ಲೋದಕ್ಕೆ ಬಂದ್ರೆ ಕಥೆ ತಿರುಗತ್ತೆ. ರಷ್ಯಾದ ಪೂರ್ವ ತುದೀಲಿ ಲಜೋವ್‌ಸ್ಕಿ ಅಂತ ಒಂದು ರಕ್ಷಿತಾರಣ್ಯ ಇದೆ, ಅಲ್ಲಿ ಸೈಬೀರಿಯನ್ ಹುಲಿಗಳನ್ನ ಎಣಿಸೋಕೆ ಅಂತ ಮರಕ್ಕೆ ಕ್ಯಾಮೆರಾ ಕಟ್ಟಿರ್ತಾರೆ, ಏನಾದ್ರೂ ಅಲ್ಲಾಡಿದ್ರೆ ಅದೇ ಫೋಟೋ ತಗೊಳತ್ತೆ. 2011ರ ಡಿಸೆಂಬರ್‌ನಲ್ಲಿ ಒಂದು ಕ್ಯಾಮೆರಾ ಎರಡು ಸೆಕೆಂಡಲ್ಲಿ ಮೂರು ಫೋಟೋ ತಗೊಂಡಿತ್ತು. ಸಿಕಾ ಜಿಂಕೆ ಓಡ್ತಿದೆ, ಅದರ ಬೆನ್ನ ಮೇಲೆ ಗೋಲ್ಡನ್ ಈಗಲ್ ಕೂತಿದೆ, ರೆಕ್ಕೆ ಪೂರ್ತಿ ಬಿಚ್ಕೊಂಡು. ಕ್ಯಾಮೆರಾ ಚೆಕ್ ಮಾಡೋಕೆ ಹೋದವರಿಗೆ ಮೊದಲು ಸಿಕ್ಕಿದ್ದು ಜಿಂಕೆಯ ಹೆಣ, ಸುತ್ತ ಹಿಮದ ಮೇಲೆ ಬೇರೆ ಯಾವ ದೊಡ್ಡ ಪ್ರಾಣಿಯ ಹೆಜ್ಜೇನೂ ಇಲ್ಲ, ಜಿಂಕೆ ಓಡ್ತಾ ಇದ್ದಿದ್ದು ಇದ್ದಕ್ಕಿದ್ದ ಹಾಗೆ ಬಿದ್ದು ಸತ್ತ ಹಾಗಿದೆ. ಫೋಟೋ ನೋಡಿದ ಮೇಲೇನೇ ಅರ್ಥ ಆಗಿದ್ದು. ಆ ಹದ್ದಿನ ತೂಕ ಎಷ್ಟಿರಬಹುದು? ಗೋಲ್ಡನ್ ಈಗಲ್ 3ರಿಂದ 6 ಕೆಜಿ ಚಿಲ್ಲರೆ, ಅಷ್ಟೇ.

ಹೇಗೆ ಮಾಡತ್ತೆ ಇದನ್ನ? ಎಲ್ಲಾರೂ ಕೊಕ್ಕು ನೋಡಿ ಹೆದರ್ತಾರೆ, ಕೊಕ್ಕು ಅಡುಗೆಮನೆ ಚಾಕು ಅಷ್ಟೇ, ಊಟಕ್ಕೆ. ಕೊಲ್ಲೋದು ಕಾಲು. ಮುಂದೆ ಮೂರು ಬೆರಳು, ಹಿಂದೆ ಒಂದು, ಆ ಹಿಂದಿನ ಬೆರಳಿನ ಉಗುರೂ ಮುಂದಿನ ಒಳಬದಿಯ ಬೆರಳಿನ ಉಗುರೂ ಬೇರೆ ಎರಡಕ್ಕಿಂತ ದಪ್ಪ, ಉದ್ದ, ಇವೆರಡು ಎದುರುಬದುರು ಇಕ್ಕಳದ ತರ ಕೂಡ್ತವೆ. ಹಾರ್ಪಿ ಹೆಣ್ಣಿನ ಹಿಂದಿನ ಉಗುರು 8 ಸೆಂಟಿಮೀಟರ್ ದಾಟತ್ತೆ, ನಿಮ್ಮ ಕಿರುಬೆರಳು ತೆಗ್ದು ನೋಡ್ಕೊಳ್ಳಿ, ಅದಕ್ಕಿಂತ ಉದ್ದ ಬರೀ ಉಗುರೇ. ಇನ್ನೊಂದು ವಿಷ್ಯ ನನಗೆ ಬಹಳ ಇಷ್ಟ. ಬೆರಳು ಮಡಚೋ ಸ್ನಾಯುವಿನ ಹುರಿ ಇರತ್ತಲ್ಲ, ಅದರ ಮೇಲೆ ಸಣ್ಣ ಸಣ್ಣ ಗಂಟುಗಳು, ಅದು ಓಡಾಡೋ ಕೊಳವೆಯ ಒಳಗೆ ಸಣ್ಣ ಸಣ್ಣ ಗೆರೆ, ಬೆರಳು ಒಂದ್ಸಲ ಬಿಗಿ ಆಯ್ತು ಅಂದ್ರೆ ಗಂಟು ಗೆರೆಗೆ ಸಿಕ್ಕಾಕೊಂಡು ಲಾಕ್ ಆಗತ್ತೆ, ಪ್ಲಾಸ್ಟಿಕ್ ಕೇಬಲ್ ಟೈ ಎಳೆದ್ರೆ ಹಿಂದಕ್ಕೆ ಬರಲ್ವಲ್ಲ, ಹಾಗೆ. ಆಮೇಲೆ ಬಿಗಿ ಹಿಡಿಯೋಕೆ ಹದ್ದು ಶಕ್ತಿ ಖರ್ಚು ಮಾಡೋದೇ ಬೇಡ. ಬೇಟೆ ಒದ್ದಾಡಿದಷ್ಟೂ ಉಗುರು ಒಳಗೆ ಹೋಗತ್ತೆ. ಫಾಲ್ಕನ್ ಜಾತಿಯವು ಕುತ್ತಿಗೆ ಕಚ್ಚಿ ಬೇಗ ಮುಗಿಸ್ತವೆ, ಹದ್ದಿಗೆ ಆ ಅವಸರ ಇಲ್ಲ, ಹಿಡ್ಕೊಂಡು ಕೂರತ್ತೆ, ಎಷ್ಟೋ ಸಲ ಬೇಟೆ ಪೂರ್ತಿ ಸಾಯೋಕೆ ಮುಂಚೇನೇ ತಿನ್ನೋಕೆ ಶುರು ಮಾಡತ್ತೆ. ಕೇಳೋಕೆ ಕ್ರೂರ ಅನ್ಸತ್ತೆ, ಆದ್ರೆ ಕ್ರೂರ ಅನ್ನೋ ಪದ ನಮ್ಮದು, ಅದರದಲ್ಲ.

ಕೆಲವು ಸಲ ಕಾಲೂ ಬೇಡ, ಎತ್ತರಾನೇ ಸಾಕು. ಬೆಟ್ಟದ ಕಡಿದಾದ ಬಂಡೆ ಮೇಲಿಂದ ಗೋಲ್ಡನ್ ಈಗಲ್‌ಗಳು ಕಾಡುಮೇಕೆ ಮರಿಯನ್ನ ಎಳೆದು ಅಂಚಿಂದ ಕೆಳಗೆ ಬೀಳಿಸ್ತವೆ, ಆಮೇಲೆ ನಿಧಾನವಾಗಿ ಇಳಿದು ಹೋಗಿ ತಿಂತವೆ. ಆಮೆ ಸಿಕ್ಕಿದ್ರೆ ಎತ್ಕೊಂಡು ಹೋಗಿ ಬಂಡೆ ಮೇಲೆ ಹಾಕಿ ಚಿಪ್ಪು ಒಡೀತವೆ. ಗ್ರೀಕ್ ನಾಟಕಕಾರ ಈಸ್ಕಿಲಸ್ ಕ್ರಿಸ್ತಪೂರ್ವ 456ರಲ್ಲಿ ಸತ್ತಿದ್ದು ಹೀಗೇ, ಹದ್ದು ಅವನ ಬೋಳು ತಲೆಯನ್ನ ಬಂಡೆ ಅನ್ಕೊಂಡು ಆಮೆ ಬಿಡ್ತು ಅಂತ ಒಂದು ಹಳೇ ಕಥೆ ಇದೆ. ಸಾವಿನ ಕಥೆ ಕಟ್ಟುಕಥೆ ಇರಬಹುದು, ಆಮೆ ಬೀಳಿಸೋದು ಮಾತ್ರ ನಿಜ.

ಕಣ್ಣಿನ ವಿಷ್ಯ ಬೇಗ ಮುಗಿಸ್ತೀನಿ. ಹದ್ದಿನ ಕಣ್ಣು ಅಂತ ಮಾತೇ ಇದೆ ನಮ್ಮಲ್ಲಿ. ನಮಗಿಂತ ಎಂಟು ಪಟ್ಟು ಚೆನ್ನಾಗಿ ಕಾಣತ್ತೆ ಅಂತ ಎಲ್ಲಾ ಕಡೆ ಬರೀತಾರೆ, ಅಷ್ಟೆಲ್ಲಾ ಇಲ್ಲ. ವೆಡ್ಜ್-ಟೇಲ್ಡ್ ಈಗಲ್ ಮೇಲೆ 1980ರ ದಶಕದಲ್ಲಿ ಟೆಸ್ಟ್ ಮಾಡಿದಾಗ ಸಿಕ್ಕಿದ್ದು ನಮ್ಮ ಎರಡರಿಂದ ಎರಡೂವರೆ ಪಟ್ಟು, ಅದೂ ಒಳ್ಳೇ ಬೆಳಕಲ್ಲಿ. ಬೆಳಕು ಕಮ್ಮಿ ಆದ ಹಾಗೆ ಅದೂ ಇಳಿಯತ್ತೆ. ಎರಡೂವರೆ ಪಟ್ಟು ಅಂದ್ರೇನೇ ಏನ್ ಕಮ್ಮಿನಾ, ನಮಗೆ ಒಂದು ಕಿಲೋಮೀಟರಲ್ಲಿ ಚುಕ್ಕಿ ತರ ಕಾಣೋ ಮೊಲ ಅದಕ್ಕೆ ಎರಡು ಕಿಲೋಮೀಟರ್ ಆಚೆಯಿಂದಾನೂ ಕಾಣತ್ತೆ. ಐದಾರು ಕೆಜಿ ಹಕ್ಕಿಗೆ ಹೆಚ್ಚುಕಮ್ಮಿ ನಮ್ಮಷ್ಟೇ ದೊಡ್ಡ ಕಣ್ಣುಗುಡ್ಡೆ, ಒಂದೊಂದು ಕಣ್ಣಲ್ಲೂ ಚೂಪಾಗಿ ಕಾಣೋ ಜಾಗ ಎರಡೆರಡು, ಒಂದು ಮುಂದಕ್ಕೆ, ಒಂದು ಪಕ್ಕಕ್ಕೆ. ಅದಕ್ಕೇ ದೂರದ್ದನ್ನ ನೋಡೋವಾಗ ಹದ್ದು ತಲೆ ಓರೆ ಮಾಡೋದು. ಆಮೇಲೆ ಹುಬ್ಬಿನ ಮೂಳೆ ಮುಂದಕ್ಕೆ ಚಾಚಿರತ್ತೆ, ಬಿಸಿಲಿಗೆ ಕ್ಯಾಪ್ ಹಾಕೊಂಡ ಹಾಗೆ. ಯಾವಾಗ್ಲೂ ಸಿಟ್ಟಾಗಿರೋ ತರ ಕಾಣೋದು ಅದರಿಂದಾನೇ, ಸಿಟ್ಟೇನೂ ಇರಲ್ಲ ಪಾಪ.

ಬೇಟೆ ಆಡೋ ರೀತಿ ಒಂದೊಂದದ್ದೂ ಒಂದೊಂದು ತರ. ಹಾರ್ಪಿ ಆಕಾಶದಲ್ಲಿ ಸುತ್ತೋದು ಕಮ್ಮಿ, ಮರದ ಮೇಲೆ ಗಂಟೆಗಟ್ಲೆ ಅಲ್ಲಾಡದೇ ಕೂರತ್ತೆ, ನೋಡತ್ತೆ, ಕೇಳಿಸ್ಕೊಳತ್ತೆ, ಮುಖದ ಸುತ್ತಿನ ಗರಿಗಳನ್ನ ಎಬ್ಬಿಸಿದ್ರೆ ಗೂಬೆ ತರ ಶಬ್ದ ಹಿಡಿಯೋಕೆ ಅನುಕೂಲ. ಸ್ಲಾತ್ ಅಂತ ಸೋಮಾರಿ ಪ್ರಾಣಿ ಗೊತ್ತಲ್ಲ, ಅದು ಹಸಿರು ಪಾಚಿ ಹಿಡಿದ ಕೂದಲಲ್ಲಿ ಎಲೆಗಳ ಮಧ್ಯೆ ಮರೆಯಾಗಿರತ್ತೆ, ಬೆಳಗಿನ ಬಿಸಿಲು ಕಾಯಿಸೋಕೆ ಮರದ ತುದಿಗೆ ಬಂದಾಗ ಹಾರ್ಪಿ ಬಂದು ಕೊಂಬೆಯಿಂದ ಕಿತ್ಕೊಂಡು ಹೋಗತ್ತೆ. ಕೋತಿಗಳೂ ಅದರ ಮುಖ್ಯ ಊಟ. ಆಫ್ರಿಕಾದ ವೆರೋಸ್ ಈಗಲ್ ಇದಕ್ಕೆ ಉಲ್ಟಾ, ಬಂಡೆಗಳಲ್ಲಿರೋ ಹೈರಾಕ್ಸ್ ಅನ್ನೋ ಮೊಲದ ಸೈಜಿನ ಪ್ರಾಣಿ ಬಿಟ್ರೆ ಬೇರೆ ತಿನ್ನೋದೇ ಅಪರೂಪ, ಗಂಡಹೆಂಡ್ತಿ ಜೋಡಿಯಾಗಿ ಹೋಗ್ತವೆ, ಒಂದು ಎದುರಿಗೆ ಕಾಣಿಸ್ಕೊಂಡು ಹೈರಾಕ್ಸ್‌ಗಳ ಗಮನ ಸೆಳೀತಿದ್ರೆ ಇನ್ನೊಂದು ಹಿಂದಿನಿಂದ ಬರತ್ತೆ. ವೆಡ್ಜ್-ಟೇಲ್ಡ್‌ಗಳು ಗುಂಪು ಕಟ್ಕೊಂಡು ಕಾಂಗರೂನ ಓಡಿಸಿ ಓಡಿಸಿ ಸುಸ್ತು ಮಾಡಿಸ್ತವೆ.

ಬಾಲ್ಡ್ ಈಗಲ್ ಬಗ್ಗೆ ಹೇಳಿದ್ರೆ ಅಮೆರಿಕದವರಿಗೆ ಬೇಜಾರಾಗತ್ತೇನೋ, ಅವರ ದೇಶದ ಲಾಂಛನ ಅದು. ಅದು ಮೀನು ಹಿಡಿಯತ್ತೆ ನಿಜ, ಆದ್ರೆ ಆಸ್ಪ್ರೇ ಅನ್ನೋ ಇನ್ನೊಂದು ಮೀನುಬೇಟೆ ಹಕ್ಕಿ ಕಷ್ಟಪಟ್ಟು ಹಿಡಿದ ಮೀನನ್ನ ಬೆನ್ನಟ್ಟಿ ಕಿತ್ಕೊಳೋದೂ ಅಷ್ಟೇ ಚೆನ್ನಾಗಿ ಮಾಡತ್ತೆ. 1784ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಅಮೆರಿಕ ದೇಶ ಕಟ್ಟಿದವರಲ್ಲಿ ಒಬ್ಬ, ಮಗಳಿಗೆ ಬರೆದ ಕಾಗದದಲ್ಲಿ ಇದನ್ನೇ ಎತ್ತಿ ಆಡಿದಾನೆ, ಇದರ ನಡತೆ ಸರಿ ಇಲ್ಲ, ದುಡಿದು ತಿನ್ನಲ್ಲ ಅನ್ನೋ ಅರ್ಥದಲ್ಲಿ. ನಾನು ಹದ್ದಿನ ಪರ. ಬದುಕೋಕೆ ಸುಲಭದ ದಾರಿ ಇದ್ರೆ ಯಾರ್ ಬಿಡ್ತಾರೆ ಹೇಳಿ.

ಹೆಣ್ಣು ಯಾಕೆ ದೊಡ್ಡದು ಅಂತ ಒಬ್ಬ ಹುಡುಗಿ ಕೇಳಿದ್ಲು. ಹಾರ್ಪಿಲಿ ಗಂಡು 4ರಿಂದ 5 ಕೆಜಿ ಅಷ್ಟೇ, ಹೆಣ್ಣು ಹೆಚ್ಚುಕಮ್ಮಿ ಅದರ ಡಬಲ್. ವಿಜ್ಞಾನಿಗಳು ಇನ್ನೂ ಜಗಳ ಆಡ್ತಿದಾರೆ ಇದರ ಮೇಲೆ. ಗಂಡು ಹೆಣ್ಣು ಬೇರೆ ಬೇರೆ ಸೈಜಿನ ಬೇಟೆ ಹಿಡಿದ್ರೆ ಒಂದೇ ಜಾಗದಲ್ಲಿ ಇಬ್ಬರಿಗೂ ಊಟ ಸಿಗತ್ತೆ ಅಂತ ಒಂದು ವಾದ, ಮೊಟ್ಟೆ ಮೇಲೆ ಕೂತು ಗೂಡು ಕಾಯೋದು ಹೆಣ್ಣು, ಆ ಹೊತ್ತಲ್ಲಿ ಊಟ ತರೋದು ಗಂಡು, ಚಿಕ್ಕದಾಗಿದ್ರೆ ಚುರುಕಾಗಿ ಹಾರಬಹುದು ಅಂತ ಇನ್ನೊಂದು ವಾದ. ನನಗೆ ಎರಡೂ ಅರ್ಧರ್ಧ ಸರಿ ಅನ್ಸತ್ತೆ. ಮಂಗೋಲಿಯಾದ ಬಯಾನ್-ಓಲ್ಗಿಲಿ ಕಜಕ್ ಜನ ಗೋಲ್ಡನ್ ಈಗಲ್ ಸಾಕಿ ಚಳಿಗಾಲದಲ್ಲಿ ನರಿ ಬೇಟೆ ಆಡ್ತಾರಲ್ಲ, ಅವರೂ ಸಾಕೋದು ಹೆಣ್ಣನ್ನೇ, ದೊಡ್ಡದು, ಬಲ ಜಾಸ್ತಿ ಅಂತ. ಕೆಲವು ವರ್ಷ ಆದ್ಮೇಲೆ ಮರಿ ಮಾಡ್ಲಿ ಅಂತ ಬೆಟ್ಟಕ್ಕೆ ವಾಪಸ್ ಬಿಡ್ತಾರೆ.

ಈಗ ಆ ವಿಡಿಯೋಗೆ ಒಂದ್ಸಲ ವಾಪಸ್ ಹೋಗೋಣ. ಹದ್ದು ಮಗುವನ್ನ ಎತ್ಕೊಂಡು ಹೋಗಲ್ಲ ಅಂದೆ. ಆದ್ರೆ 1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್ ಅನ್ನೋ ಕಡೆ ಸುಣ್ಣಕಲ್ಲಿನ ಕ್ವಾರಿಲಿ ಒಂದು ಪುಟ್ಟ ತಲೆಬುರುಡೆ ಸಿಕ್ತು, ಮುಂದಿನ ವರ್ಷ ರೇಮಂಡ್ ಡಾರ್ಟ್ ಅನ್ನೋ ವಿಜ್ಞಾನಿ ಅದಕ್ಕೆ ಆಸ್ಟ್ರಲೋಪಿತೆಕಸ್ ಆಫ್ರಿಕಾನಸ್ ಅಂತ ಹೆಸರಿಟ್ರು. ನಮ್ಮ ಪೂರ್ವಜರ ಸಂಬಂಧಿಕರ ಮಗು, ಮೂರು ನಾಲ್ಕು ವರ್ಷದ್ದು, ಸತ್ತು ಇಪ್ಪತ್ತು ಲಕ್ಷ ವರ್ಷದ ಮೇಲಾಗಿದೆ. ಹೇಗೆ ಸತ್ತಿತು? ಚಿರತೆ ಅಂತ ಬಹಳ ಜನ ನಂಬಿದ್ರು. 1995ರಲ್ಲಿ ಲೀ ಬರ್ಗರ್ ಮತ್ತು ರಾನ್ ಕ್ಲಾರ್ಕ್ ಅನ್ನೋ ಸಂಶೋಧಕರು, ಇಲ್ಲ, ಇದು ಹದ್ದಿನ ಕೆಲಸ ಅಂದ್ರು. ಆಗ ನಕ್ಕವರೂ ಇದ್ರು, ಅಷ್ಟು ಭಾರ ಹದ್ದು ಎತ್ತತ್ತಾ ಅಂತ, ನೋಡಿ ಅದೇ ಪ್ರಶ್ನೆ ಅಲ್ಲೂ! ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನ ಟಾಯ್ ಕಾಡಲ್ಲಿ ಕ್ರೌನ್ಡ್ ಈಗಲ್ ಅನ್ನೋ ಹದ್ದಿನ ಗೂಡುಗಳ ಕೆಳಗೆ ಬಿದ್ದಿದ್ದ ಕೋತಿ ಬುರುಡೆಗಳನ್ನ ಬೇರೆ ಸಂಶೋಧಕರು ಆರಿಸಿ ಸ್ಟಡಿ ಮಾಡಿದಾಗ ಕಣ್ಣಿನ ಗೂಡಿನ ಒಳಗೆ ಒಂದು ತರದ ತೂತು, ಗೀರು ಕಂಡವು, ಉಗುರು ಕೊಕ್ಕು ಹಾಕಿ ಒಳಗಿನದನ್ನ ತೆಗೆದ ಗುರುತು. 2006ರಲ್ಲಿ ಬರ್ಗರ್ ಟೌಂಗ್ ಮಗುವಿನ ಬುರುಡೆಯನ್ನ ಮತ್ತೆ ನೋಡಿದ್ರು, ಅದೇ ಗುರುತು ಅಲ್ಲೂ ಇತ್ತು.

ಕ್ರೌನ್ಡ್ ಈಗಲ್‌ನ ತೂಕ 5 ಕೆಜಿನೂ ಇಲ್ಲ. ತನಗಿಂತ ಎಷ್ಟೋ ಪಟ್ಟು ಭಾರದ ಜಿಂಕೆಮರಿಗಳನ್ನ ಕೊಲ್ಲತ್ತೆ, ನೆಲದ ಮೇಲೇನೇ ತುಂಡು ಮಾಡತ್ತೆ, ತುಂಡು ತುಂಡಾಗಿ ಮರಕ್ಕೆ ಒಯ್ದು ಇಟ್ಕೊಂಡು ದಿನಗಟ್ಲೆ ತಿನ್ನತ್ತೆ. ಎತ್ತಬೇಕು ಅಂತ ಯಾರ್ ಹೇಳಿದ್ದು?

(ಇಲ್ಲಿ ಸಭೇಲಿ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಮುಂದಿನ ಸಾಲಿಂದ ಒಬ್ರು ಕೇಳಿದ್ರು, ಇದುವರೆಗೆ ಇದ್ದಿದ್ರಲ್ಲೇ ಅತೀ ದೊಡ್ಡ ಹದ್ದು ಯಾವುದು ಅಂತ.)

ಹಾಸ್ಟ್ಸ್ ಈಗಲ್, ನ್ಯೂಜಿಲೆಂಡ್‌ದು. ಈಗ ಇಲ್ಲ. ಗ್ಲೆನ್‌ಮಾರ್ಕ್ ಅನ್ನೋ ಕಡೆ ಜೌಗಿನಲ್ಲಿ ಸಿಕ್ಕ ಎಲುಬು ನೋಡಿ ಜೂಲಿಯಸ್ ಫಾನ್ ಹಾಸ್ಟ್ 1871ರಲ್ಲಿ ಇದರ ಬಗ್ಗೆ ಬರ್ದ್ರು. ಹೆಣ್ಣು 10ರಿಂದ 15 ಕೆಜಿ, ಆದ್ರೆ ರೆಕ್ಕೆ ಆ ತೂಕಕ್ಕೆ ತಕ್ಕಷ್ಟು ಉದ್ದ ಇರಲಿಲ್ಲ. ಅಲ್ಲಿ ಮನುಷ್ಯರು ಬರೋ ತನಕ ನೆಲದ ಮೇಲೆ ಓಡಾಡೋ ಸಸ್ತನಿಗಳೇ ಇರ್ಲಿಲ್ಲ ಅನ್ನಬಹುದು, ಬರೀ ಹಕ್ಕಿ, ಹುಲ್ಲು ಮೇಯೋದೂ ಹಕ್ಕಿ, ಬೇಟೆಗಾರನೂ ಹಕ್ಕಿ. ಮೋವಾ ಅಂತ ರೆಕ್ಕೆ ಇಲ್ಲದ ದೈತ್ಯ ಹಕ್ಕಿಗಳಿದ್ವು, ದೊಡ್ಡವು 200 ಕೆಜಿ ದಾಟ್ತಿದ್ವು, ಅವುಗಳ ಸೊಂಟದ ಮೂಳೇಲಿ ಈ ಹದ್ದಿನ ಉಗುರು ತೂರಿದ ತೂತು ಸಿಕ್ಕಿವೆ. ನನ್ನನ್ನ ಬೆಚ್ಚಿಬೀಳಿಸಿದ್ದು 2005ರ ಡಿಎನ್‌ಎ ಫಲಿತಾಂಶ. ಇದಕ್ಕೆ ಅತಿ ಹತ್ತಿರದ ಸಂಬಂಧಿ ಯಾರು ಅಂತ ನೋಡಿದ್ರೆ, ಆಸ್ಟ್ರೇಲಿಯಾ ಕಡೆಯ ಲಿಟ್ಲ್ ಈಗಲ್ ಮತ್ತೆ ಬೂಟೆಡ್ ಈಗಲ್, ಒಂದು ಕೆಜಿ ಆಸುಪಾಸಿನ ಹಕ್ಕಿಗಳು, ಹದ್ದಿನ ಕುಟುಂಬದಲ್ಲೇ ಚಿಕ್ಕವು! ಯಾವುದೋ ಕಾಲದಲ್ಲಿ ಅಂಥ ಚಿಕ್ಕ ಹದ್ದು ಸಮುದ್ರ ದಾಟಿ ಬಂತು, ದೊಡ್ಡ ಬೇಟೆ ಇತ್ತು, ಪೈಪೋಟಿಗೆ ಹುಲಿ ಸಿಂಹ ಯಾರೂ ಇರ್ಲಿಲ್ಲ, ಬೆಳೀತಾ ಬೆಳೀತಾ ಹತ್ತು ಹದಿನೈದು ಪಟ್ಟು ಆಗ್ಹೋಯ್ತು.

ಆಮೇಲೆ ಸುಮಾರು 1300ರ ಹೊತ್ತಿಗೆ ಮಾವೋರಿ ಜನ ಬಂದ್ರು. ಮೋವಾ ಹಾರೋಕಾಗದ ದೊಡ್ಡ ಮಾಂಸದ ಗುಡ್ಡೆ, ಒಂದೂವರೆ ಎರಡು ಶತಮಾನದೊಳಗೆ ಪೂರ್ತಿ ಖಾಲಿ. ಹದ್ದನ್ನ ಯಾರೂ ಪ್ರತ್ಯೇಕವಾಗಿ ಹುಡುಕಿ ಕೊಲ್ಲೋ ಅಗತ್ಯಾನೇ ಇರ್ಲಿಲ್ಲ, ಊಟ ಹೋಯ್ತು, ಹದ್ದೂ ಹೋಯ್ತು. ಮಾವೋರಿ ಕಥೆಗಳಲ್ಲಿ ಪೌವಾಕಾಯ್ ಅನ್ನೋ ದೊಡ್ಡ ಹಕ್ಕಿ ಬರತ್ತೆ, ಮನುಷ್ಯರನ್ನ ಹಿಡೀತಿತ್ತು ಅಂತ, ಅದು ಈ ಹದ್ದಿನ ನೆನಪೇ ಇರಬಹುದು ಅಂತ ಹಲವರು ಹೇಳ್ತಾರೆ.

ಕೊನೇ ಪ್ರಶ್ನೆ ಹಿಂದಿನ ಸಾಲಿಂದ ಬಂತು, ಈಗಿರೋ ದೊಡ್ಡವುಗಳ ಗತಿ ಏನು ಅಂತ. ದೊಡ್ಡದಾಗಿರೋರಿಗೆ ಎಲ್ಲಾ ನಿಧಾನ. ಹಾರ್ಪಿ ಎರಡು ಮೊಟ್ಟೆ ಇಟ್ರೂ ಬೆಳೆಸೋದು ಒಂದೇ ಮರಿ, ಅದೂ ಎರಡು ಮೂರು ವರ್ಷಕ್ಕೊಂದು. ಫಿಲಿಪ್ಪೀನ್ ಈಗಲ್ ಇಡೋದೇ ಒಂದು ಮೊಟ್ಟೆ, ಮರಿ ಗೂಡು ಬಿಟ್ಟು ಹಾರಿದ ಮೇಲೂ ಒಂದು ವರ್ಷಕ್ಕಿಂತ ಜಾಸ್ತಿ ಅಪ್ಪ ಅಮ್ಮನ ಹತ್ರಾನೇ ಇರತ್ತೆ, ಹಾಗಾಗಿ ಎರಡು ವರ್ಷಕ್ಕೊಂದು ಮರಿ. ಅದಕ್ಕೆ ಮೊದಲು ಕೋತಿ ತಿನ್ನೋ ಹದ್ದು ಅಂತ ಹೆಸರಿತ್ತು, 1978ರಲ್ಲಿ ಸರ್ಕಾರ ಬದಲಾಯಿಸ್ತು, 1995ರಲ್ಲಿ ರಾಷ್ಟ್ರೀಯ ಪಕ್ಷಿ ಮಾಡಿದ್ರು. ಹಳೇ ಹೆಸರು ತಪ್ಪೇ ಆಗಿತ್ತು ಬಿಡಿ, ಮಿಂಡನಾವೋ ದ್ವೀಪದಲ್ಲಿ ಅದು ಜಾಸ್ತಿ ತಿನ್ನೋದು ಕೊಲುಗೊ ಅನ್ನೋ, ಮರದಿಂದ ಮರಕ್ಕೆ ಗಾಳೀಲಿ ತೇಲ್ಕೊಂಡು ಹೋಗೋ ಪ್ರಾಣಿನ, ಕೋತಿನಲ್ಲ. ಇಡೀ ದೇಶದಲ್ಲಿ ಈಗ ಉಳಿದಿರೋದು ಸುಮಾರು 400 ಜೋಡಿ ಅಂತ ಅಂದಾಜು. ಅದರಲ್ಲಿ ಒಂದು ಹಕ್ಕಿಗೆ ಯಾರೋ ಗುಂಡು ಹೊಡೆದ್ರೆ ಆ ಜಾಗ ತುಂಬೋಕೆ ಒಂದು ಮರಿ ಹುಟ್ಟಿ, ಬೆಳೆದು, ಜೋಡಿ ಹುಡುಕಿ ತಾನೇ ಮೊಟ್ಟೆ ಇಡೋ ಹೊತ್ತಿಗೆ ಐದಾರು ವರ್ಷ ಆಗಿರತ್ತೆ, ಅಷ್ಟರಲ್ಲಿ ಆ ಕಾಡು ಇರಬೇಕಲ್ಲ.